ಗೋಡೆ ನೋಡುತ್ತ ಕುಡಿಸಿದ ಹಾಲು

ರೋಣ
28 ನವೆಂಬರ್ 2024

ಉಮಾ,

ಇಲ್ಲ, ಅಳುವುದಿಲ್ಲ. ಆದರೆ ನೀನು ಅದೊಂದನ್ನೇ ಯಾಕೆ ಕೇಳಿದೆ? ಎಂಟು ತಿಂಗಳು ಮಾತಿಲ್ಲ ಕತೆಯಿಲ್ಲ. ಈಗ ಜಂಗ್ಲಿಸಾಬ ಕಾಕಾನ ಸೀರೆಗಂಟಿನಲ್ಲಿ ಕೂಸಿನ ತಲೆಗೆ ಒಂದು ಕುಲಾಯಿ, ಅದರೊಳಗೆ ಮಡಚಿದ ಚೀಟಿ, ಚೀಟಿಯಲ್ಲಿ ಒಂದೇ ಸಾಲು: ‘ಕೂಸು ಅಳತೈತೇನು?’ ಗಂಡೋ ಹೆಣ್ಣೋ ಅಂತ ಕೇಳಿಲ್ಲ, ಯಾರ ಹಾಗಿದೆ ಅಂತ ಕೇಳಿಲ್ಲ.

ಹೆಣ್ಣು. ಹೆಸರು ನಾಹೀದ. ಇವತ್ತಿಗೆ ಎಂಟು ದಿನ. ಹುಟ್ಟಿದಾಗ ಎರಡು ಕಿಲೋ ಎಂಟುನೂರು ಗ್ರಾಂ ಇದ್ದಳು. ಈಗ ಎಷ್ಟೋ ಗೊತ್ತಿಲ್ಲ. ಆಶಾ ಕಾರ್ಯಕರ್ತೆ ಸಣ್ಣವ್ವ ನಿನ್ನೆ ತಕ್ಕಡಿ ತಂದಿದ್ದಳು. ನಮ್ಮತ್ತೆ ರಮಜಾನಬಿ ಬಾಗಿಲಲ್ಲೇ ನಿಲ್ಲಿಸಿ ಚಹಾ ಕುಡಿಸಿ ಕಳಿಸಿದರು. “ಕೂಸೇನು ಕಡ್ಲಿ ಚೀಲ ಏನಬೇ, ತಕ್ಕಡ್ಯಾಗ ಹಾಕಾಕ? ಚಿಲ್ಲಾ ಮುಗೀಲಿ, ಆಮ್ಯಾಲ ನೋಡೂಣು.” ಚಿಲ್ಲಾ ಅಂದರೆ ನಲವತ್ತು ದಿನ. ಅಲ್ಲಿಯ ತನಕ ನಾನು ಕೋಣೆ ಬಿಡುವಂತಿಲ್ಲ. ಮೊಬೈಲ್ ಕೂಡ ಅತ್ತೆಯ ಟ್ರಂಕಿನಲ್ಲಿದೆ, ಬಾಣಂತಿ ನೋಡಿದರೆ ಕಣ್ಣು ಹೋಗುತ್ತವಂತೆ. ಅದಕ್ಕೇ ಈ ಕಾಗದ. ಬಿ.ಎ. ಮಾಡಿದ ಇಬ್ಬರು ಹೀಗೆ ಕದ್ದು ಚೀಟಿ ಕಳಿಸುವುದು ನೋಡಿದರೆ ನಮ್ಮ ಕಾಲೇಜಿನವರು ನಗುತ್ತಾರೆ. ಕಾಕಾ ಎರಡು ದಿನಕ್ಕೊಮ್ಮೆ ಸೀರೆ ತರಲು ಗಜೇಂದ್ರಗಡಕ್ಕೆ ಬರುತ್ತಾನಲ್ಲ, ಬಸ್ಸಿನ ಬೋರ್ಡು ಬಿಟ್ಟು ಬೇರೇನೂ ಓದುವುದಿಲ್ಲ. ಹಾಗಾಗಿ ಧೈರ್ಯವಾಗಿ ಬರೆ.

ಅತ್ತೆ ಕೆಟ್ಟವರಲ್ಲ ಉಮಾ. ನನ್ನ ತಾಯಿ ಇಲ್ಲ ಅಂತ ತಾವೇ ಬಾಣಂತನ ಹಿಡಿದಿದ್ದಾರೆ. ಅಳವಿ ಪಾಯಸ, ಬೆಳ್ಳುಳ್ಳಿ ಹುರಿದು ಹಾಕಿದ ಅನ್ನ, ಬೆನ್ನಿಗೆ ಬಿಸಿನೀರು, ಯಾವುದಕ್ಕೂ ಕಡಿಮೆ ಇಲ್ಲ. ಒಂದೇ ಕಟ್ಟುನಿಟ್ಟು. ಹಾಲು ಕುಡಿಸುವಾಗ ಗೋಡೆ ಕಡೆ ಮುಖ ಮಾಡಿ ಕೂರಬೇಕು. ಕೂಸಿನ ಮೇಲೆ ದುಪಟ್ಟಾ, ಅದರ ಮೇಲೆ ಶಾಲು. ನಾನು ಕೆಳಗೆ ನೋಡಬಾರದು. “ಮಂದಿ ನಜರ ತೆಗೀಬಹುದು ಬೇಟಿ. ಹೆತ್ತ ತಾಯಿ ನಜರ ಹತ್ತಿತಂದ್ರ ತೆಗ್ಯಾಕ ಬರೂದಿಲ್ಲ. ಕುಡಿಯೂ ಬಾಯಿ ನೋಡಿದ್ರ ಹಾಲು ಬತ್ತತೈತಿ” ಅನ್ನುತ್ತಾರೆ.

ನಾನು ಗೋಡೆ ನೋಡುತ್ತೇನೆ. ಬಾಯಿಗಿಟ್ಟ ಕ್ಷಣ ಕತ್ತರಿಯಿಂದ ಕತ್ತರಿಸಿದ ಹಾಗಾಗುತ್ತದೆ. ತುದಿಯೆಲ್ಲ ಸೀಳಿದೆ, ನಿನ್ನೆ ರಕ್ತ ಬಂತು. ಹಲ್ಲು ಕಚ್ಚಿ ಕೂತಿರುತ್ತೇನೆ. ಸ್ವಲ್ಪ ಹೊತ್ತಿಗೆ ನಾಹೀದ ನಿದ್ದೆ ಹೋಗುತ್ತಾಳೆ. ಬಂದವರೆಲ್ಲ ಹೇಳುವುದು ಒಂದೇ, “ಎಂಥಾ ಶಾಣ್ಯಾ ಕೂಸವಾ, ದನೀನ ಇಲ್ಲ!”

ನನಗೂ ಖುಷಿಯಾಗಬೇಕಲ್ಲವಾ? ಯಾಕೋ ಆಗುತ್ತಿಲ್ಲ.

ನಾನು ಆವಾಗ ಬರಲಿಲ್ಲ. ಯಾಕೆ ಅಂತ ನಿನಗೂ ಗೊತ್ತು. ಅದನ್ನು ಇನ್ನೊಂದು ಸಲ ಬರೆಯುತ್ತೇನೆ.

ನಿನ್ನ
ಕೌಸರ


ಗಜೇಂದ್ರಗಡ
30 ನವೆಂಬರ್ 2024

ಕೌಸರ,

ಇನ್ನೊಂದು ಸಲ ಬರೆಯುವುದನ್ನೆಲ್ಲ ಪಕ್ಕಕ್ಕಿಡು. ಈಗ ನಾನು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡು, ಕಾಕಾ ಮತ್ತೆ ಬರುವಾಗ ನನಗೆ ಬೇಕು.

ದಿನಕ್ಕೆ ಎಷ್ಟು ಬಟ್ಟೆ ಒದ್ದೆ ಮಾಡುತ್ತಾಳೆ? ಅಂದಾಜು ಬೇಡ, ಎಣಿಸು. ಈ ವಯಸ್ಸಿಗೆ ಆರಕ್ಕಿಂತ ಕಡಿಮೆ ಇರಬಾರದು. ಉಚ್ಚೆಯ ಬಣ್ಣ ಹೇಗಿದೆ? ನೀರಿನ ಹಾಗಾ, ಇಟ್ಟಂಗಿ ಪುಡಿ ಕದಡಿದ ಹಾಗಾ? ಕುಡಿಯುವಾಗ ಗುಟುಕು ನುಂಗುವ ಸಪ್ಪಳ ಕೇಳುತ್ತದಾ, ಇಲ್ಲಾ ಬರೀ ಲೊಚ್‌ಲೊಚ್ ಅಂತ ಬರುತ್ತದಾ? ಹಾಲಿಗೆ ತಾನೇ ಏಳುತ್ತಾಳಾ, ಎಬ್ಬಿಸಬೇಕಾ? ಬಿಟ್ಟ ಮೇಲೆ ನಿನ್ನ ಮೊಲೆಯ ತುದಿ ದುಂಡಗಿರುತ್ತದಾ, ಚಪ್ಪಟೆಯಾಗಿರುತ್ತದಾ?

ಮತ್ತೆ, ಒಂದೇ ಒಂದು ಸಲ ಆ ಶಾಲು ಸರಿಸಿ ಅವಳ ಬಾಯಿ ನೋಡು. ಕಾಲಿಗೆ ಬೀಳುತ್ತೇನೆ ಕೌಸರ, ನೋಡು.

ಇದೆಲ್ಲ ನಿನಗೆ ಹೇಗೆ ಗೊತ್ತು ಅನ್ನುತ್ತೀಯ. ಹಾಲು ಕುಡಿಸುವ ತಾಯಂದಿರ ಗ್ರೂಪೊಂದಿದೆ ಮೊಬೈಲಿನಲ್ಲಿ, ದಿನಕ್ಕೆ ಮುನ್ನೂರು ಮೆಸೇಜು ಬರುತ್ತವೆ. ಎಲ್ಲ ಓದುತ್ತೇನೆ. ನಾನ್ಯಾಕೆ ಇನ್ನೂ ಅದರೊಳಗಿದ್ದೇನೆ ಅಂತ ಕೇಳಬೇಡ.

ಉಮಾ

ತಾ.ಕ.: ನಿಮ್ಮತ್ತೆಯ ಫೋನಿಗೆ ಮಾಡಿದ್ದೆ. “ಯಾರವಾ?” ಅಂದರು. “ಉಮಾ ರೀ, ಗಜೇಂದ್ರಗಡದಿಂದ” ಅಂದೆ. ಕಟ್ ಆಯಿತು. ತಿರುಗಿ ಹಚ್ಚಿದರೆ ಹತ್ತಲಿಲ್ಲ.


ರೋಣ
2 ಡಿಸೆಂಬರ್ 2024

ಉಮಾ,

ಎಣಿಸಿದೆ. ಮೂರು. ನಿನ್ನೆ ಎರಡೇ. ಇಟ್ಟಂಗಿ ಬಣ್ಣದ ಕಲೆ ಇದೆ. ಅದನ್ನು ತೋರಿಸಿದರೆ ಅತ್ತೆ “ಉಷ್ಣಾ” ಅಂದರು, ನನಗೆ ಜೀರಿಗೆ ನೀರು ಕೊಟ್ಟರು.

ತಾನೇ ಏಳುವುದಿಲ್ಲ. ಅಂಗಾಲು ತಿಕ್ಕಿದರೆ ಒಂದು ಕಣ್ಣು ತೆರೆದು ಮತ್ತೆ ಮುಚ್ಚುತ್ತಾಳೆ.

ನೋಡಿದೆ. ಇವತ್ತು ಬೆಳಿಗ್ಗೆ, ಅತ್ತೆ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದರು. ಬಾಗಿಲ ಕಡೆ ಒಂದು ಕಣ್ಣಿಟ್ಟು ಶಾಲು ಸರಿಸಿದೆ. ಬಾಯಿ ಸಣ್ಣಗೆ ಮುಚ್ಚಿದ ಹಾಗೇ ಇತ್ತು ಉಮಾ. ತುದಿ ಮಾತ್ರ ಹಿಡಿದಿದ್ದಳು. ಕೆಳತುಟಿ ಒಳಗೆ ಹೋಗಿತ್ತು. ಗಲ್ಲ ಗುಳಿ ಬಿದ್ದಿದ್ದವು, ಎಳನೀರಿನ ಕೊಳವೆ ಎಳೆಯುವಾಗ ಬೀಳುತ್ತವಲ್ಲ, ಹಾಗೆ. ಕತ್ತು ನನ್ನ ಕಡೆ ತಿರುಗಿದೆ, ಹೊಟ್ಟೆ ಮಾಳಿಗೆ ಕಡೆ ಇದೆ. ಹೊಟ್ಟೆ ಅಂದೆ. ಹೊಟ್ಟೆಯೇ ಇಲ್ಲ. ತೊಡೆಯ ತೊಗಲು ಮಡಿಕೆ ಬಿದ್ದಿದೆ. ದಿನಾ ಎಣ್ಣೆ ಹಚ್ಚುವವರು ಅತ್ತೆ, ನಾನು ಅವಳ ತೊಡೆ ನೋಡಿದ್ದೇ ಇವತ್ತು.

ಅಷ್ಟರಲ್ಲಿ ಅತ್ತೆ ಬಂದರು. “ಯಾ ಅಲ್ಲಾ! ನೋಡಿದೇನ ಕೌಸರ?” ಬಕೆಟ್ಟು ಅಲ್ಲೇ ಬಿಟ್ಟು ಉಪ್ಪು ಮೆಣಸಿನಕಾಯಿ ತಂದು ನಿವಾಳಿಸಿದರು. ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು. ಅದಾದ ಮೇಲೆ ನಾಹೀದ ಬಾಯಿಗಿಟ್ಟರೂ ಹಿಡಿಯುತ್ತಿಲ್ಲ. ಮಧ್ಯಾಹ್ನದಿಂದ ಒಂದು ಸಲವೂ ಇಲ್ಲ. ನನ್ನ ಕಣ್ಣೇ ಹತ್ತಿತಾ? ಹಾಗೆಲ್ಲ ಇಲ್ಲ ಅಂತ ನನಗೆ ಗೊತ್ತು. ಗೊತ್ತಿದ್ದರೂ ಈಗ ಅವಳ ಮುಖ ನೋಡಲು ಭಯವಾಗಿ ಇದನ್ನು ಅವಳಿಗೆ ಬೆನ್ನು ಮಾಡಿ ಬರೆಯುತ್ತಿದ್ದೇನೆ.

ಒಂದು ಕೇಳುತ್ತೇನೆ, ಸಿಟ್ಟಾಗಬೇಡ. ನಿನ್ನ ಕನಕರಾಜ. ಅವನೂ ಅಳುತ್ತಿರಲಿಲ್ಲವಾ?

ಕೌಸರ


ಗಜೇಂದ್ರಗಡ
3 ಡಿಸೆಂಬರ್ 2024, ಬೆಳಿಗ್ಗೆ

ಕೌಸರ,

ಕಾಕಾ ಹೊರಗೆ ನಿಂತಿದ್ದಾನೆ, ಹತ್ತೂವರೆಯ ಬಸ್ಸು ಹಿಡಿಯಬೇಕಂತೆ.

ಇದು ಕೈಗೆ ಸಿಕ್ಕ ಕೂಡಲೇ ದವಾಖಾನೆಗೆ ಹೋಗು. ಪೂರ್ತಿ ಓದಿ ಮುಗಿಸುವ ತನಕವೂ ಕಾಯಬೇಡ. ಹಾಲಿಗೆ ಏಳದ ಕೂಸಿಗೆ ಮನೆಯ ಔಷಧ ಇಲ್ಲ. ನಾನು ನವಾಜನಿಗೇ ಫೋನ್ ಮಾಡಿದ್ದೇನೆ, ಕೂಸಿನ ಅಪ್ಪನಿಗಾದರೂ ಗೊತ್ತಾಗಲಿ ಅಂತ. ನರಗುಂದದ ಗ್ಯಾರೇಜಿನಲ್ಲಿ ಗಾಡಿ ಕೆಳಗೆ ಮಲಗಿದ್ದನಂತೆ. “ಕೂಸು ಆರಾಮ ಐತೆಕ್ಕಾ, ಅವ್ವ ನಿನ್ನೀನ ಹೇಳ್ಯಾಳ” ಅಂದ. ನಾನು ಅವನಿಗೆ ಒಂದು ಮಾತು ಹೇಳಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಬರುತ್ತಾನೆ.

ಹೌದು. ಅವನೂ ಅಳುತ್ತಿರಲಿಲ್ಲ.

ಹದಿನಾಲ್ಕನೇ ದಿನ ನಾನು ಗ್ರೂಪಿನಲ್ಲಿ ಹಾಕಿದ್ದೆ, ‘ನನ್ನ ಮಗ ಅಳುವುದೇ ಇಲ್ಲ, ಯಾವಾಗಲೂ ನಿದ್ದೆ, ಚಲೋ ಅಲ್ಲವಾ?’ ನಲವತ್ತೆರಡು ಜನ ಉತ್ತರ ಕೊಟ್ಟಿದ್ದರು. ಹೃದಯದ ಚಿತ್ರ, ಹೂವಿನ ಚಿತ್ರ, ‘ಪುಣ್ಯ ಮಾಡಿದ್ದೀರಿ’, ‘ನಮಗೂ ಅಂಥ ಮಗು ಸಿಗಲಿ’. ನಾನು ಮೇಲಿನ ಹತ್ತು ಓದಿ ಸಂತೋಷಪಟ್ಟು ಮೊಬೈಲ್ ಇಟ್ಟೆ. ಹದಿನಾರನೇ ದಿನ ಅವನು ಹೋದ. ಆಮೇಲೆ ಒಂದು ದಿನ ಸುಮ್ಮನೆ ಕೆಳಗಿನ ತನಕ ಓದುತ್ತ ಹೋದೆ. ಮೂವತ್ತೊಂದನೆಯದು, ಯಾರೋ ಗುರುತಿಲ್ಲದಾಕೆ: ‘ಇದು ಒಳ್ಳೆಯ ಲಕ್ಷಣ ಅಲ್ಲ. ಎಷ್ಟು ಬಟ್ಟೆ ಒದ್ದೆ ಮಾಡುತ್ತಾನೆ? ಈಗಲೇ ದವಾಖಾನೆಗೆ ಹೋಗಿ.’ ಅದು ಬಂದಿದ್ದು ನಾನು ಹಾಕಿದ ಒಂಬತ್ತು ನಿಮಿಷಕ್ಕೆ.

ಅದಕ್ಕೇ ಚೀಟಿಯಲ್ಲಿ ಅದೊಂದನ್ನೇ ಕೇಳಿದೆ.

ದವಾಖಾನೆಯಲ್ಲಿ ಕಲಿಸುತ್ತಾರೆ. ಕಲಿಸದಿದ್ದರೆ ಇದನ್ನು ಓದು. ಬೆನ್ನಿಗೆ ದಿಂಬು ಕೊಟ್ಟು ಆರಾಮ ಕೂತುಕೋ. ಅವಳ ಹೊಟ್ಟೆ ನಿನ್ನ ಹೊಟ್ಟೆಗೆ ಹತ್ತಿರಬೇಕು. ಕಿವಿ, ಹೆಗಲು, ಸೊಂಟ ಒಂದೇ ಗೆರೆಯಲ್ಲಿ. ನೀನು ಬಗ್ಗಿ ಮೊಲೆ ಅವಳ ಬಾಯಿಗೆ ಹಾಕಬೇಡ, ಅವಳನ್ನೇ ಎತ್ತಿ ಹತ್ತಿರ ತಾ. ತುದಿ ಅವಳ ಮೂಗಿನ ನೇರಕ್ಕಿರಲಿ. ಮೇಲ್ದುಟಿಗೆ ಸವರಿ ಕಾಯು. ದಪ್ಪ ರೊಟ್ಟಿ ಸುರುಳಿಯಲ್ಲಿ ಝುಣಕ ತುಂಬಿದ್ದನ್ನು ಕಚ್ಚುವಾಗ ನಾವು ಬಾಯಿ ತೆಗೆಯುತ್ತೇವಲ್ಲ, ಅಷ್ಟು ತೆಗೆಯಬೇಕು. ತೆಗೆದಾಗ ಲಗೂನೆ ಎದೆಗೆ ಒತ್ತಿಕೋ, ಗದ್ದ ಮೊದಲು ತಾಗಲಿ. ಬರೀ ತುದಿಯಲ್ಲ, ಸುತ್ತಲಿನ ಕಪ್ಪು ಕೂಡ ಬಾಯೊಳಗೆ ಹೋಗಬೇಕು, ಕೆಳಗಿನದು ಹೆಚ್ಚು. ಕೆಳತುಟಿ ಹೊರಗೆ ಮಡಚಿರಬೇಕು. ನೋವು ಹಾಗೇ ಇದ್ದರೆ ಬಾಯಿಯ ಮೂಲೆಗೆ ಕಿರುಬೆರಳು ಹಾಕಿ ಬಿಡಿಸಿ ಮತ್ತೆ ಹಿಡಿಸು. ಹತ್ತು ಸಲವಾದರೂ ಸರಿ.

ಇದನ್ನೆಲ್ಲ ಗೋಡೆ ನೋಡುತ್ತ ಮಾಡಲು ಬರುವುದಿಲ್ಲ.

ಕಾಕಾ ಕರೆಯುತ್ತಿದ್ದಾನೆ. ಹೋಗು ಕೌಸರ.

ಉಮಾ


ರೋಣ
15 ಡಿಸೆಂಬರ್ 2024

ಉಮಾ,

ಇದ್ದಾಳೆ. ಅದನ್ನು ಮೊದಲು ಬರೆಯುತ್ತೇನೆ. ಹನ್ನೆರಡು ದಿನ ನಿನಗೆ ಸುದ್ದಿಯಿಲ್ಲ, ನೀನು ಹೇಗೆ ಇದ್ದೆಯೋ. ನವಾಜನಿಂದಾದರೂ ಫೋನ್ ಮಾಡಿಸಬೇಕಿತ್ತು. ಮಾಡಿಸಲಿಲ್ಲ. ಯಾಕೆ ಅಂತ ಕೊನೆಗೆ ಹೇಳುತ್ತೇನೆ.

ನಿನ್ನ ಕಾಗದಕ್ಕಿಂತ ಮೊದಲು ನವಾಜ ಬಂದ. ಮೊಣಕೈ ತನಕ ಗ್ರೀಸು. ಚಪ್ಪಲಿ ಸಮೇತ ಬಾಣಂತಿ ಕೋಣೆಗೆ ನುಗ್ಗಿದ. “ಏ ನವಾಜ, ಕೈ ತೊಳಕೋ, ಕೂಸೈತಿ” ಅಂದರು ಅತ್ತೆ. “ಐತೇನ? ಖರೇನ ಐತೇನ?” ಅಂದ. ಆ ಧ್ವನಿ ಕೇಳಿ ಅತ್ತೆ ದಾರಿ ಬಿಟ್ಟರು. ನೀನು ಅವನಿಗೆ ಏನು ಹೇಳಿದ್ದೆ ಅಂತ ಆಮೇಲೆ ಗೊತ್ತಾಯಿತು. ‘ಇವತ್ತು ತೂಕ ಮಾಡಿಸದಿದ್ದರ ನಾಳೆ ತೂಗಾಕ ಕೂಸು ಇರೂದಿಲ್ಲ.’

ರೋಣದಲ್ಲಿ ತೂಗಿದರು. ಎರಡು ಕಿಲೋ ನಾಲ್ಕುನೂರು. ಡಾಕ್ಟರು ಅವಳ ಹಣೆ ಒತ್ತಿ ನೋಡಿದರು, ಆಮೇಲೆ ಗದಗಿನ ದೊಡ್ಡ ದವಾಖಾನೆಗೆ ಬರೆದುಕೊಟ್ಟರು. ಆಂಬುಲೆನ್ಸಿನಲ್ಲಿ ಅತ್ತೆ ದಾರಿಯುದ್ದಕ್ಕೂ ದುವಾ ಓದುತ್ತಿದ್ದರು. ನಾನು ಅವಳ ಮೂಗಿನ ಹತ್ತಿರ ಬೆರಳಿಟ್ಟುಕೊಂಡು ಕೂತಿದ್ದೆ. ಉಸಿರು ಬಂತಾ, ಬಂತು. ಬಂತಾ, ಬಂತು. ನಡುವೆ ಒಂದು ರೋಡ್ ಹಂಪ್ ಬಂದಾಗ ನನ್ನ ಬೆರಳು ಸರಿಯಿತು. ಆ ಒಂದು ಕ್ಷಣ ನನಗೆ ಏನಾಯಿತು ಅಂತ ಬರೆಯಲು ಬರುವುದಿಲ್ಲ.

ಎರಡು ದಿನ ಸಲೈನು. ಅದರ ಜೊತೆಗೇ ನನ್ನ ಹಾಲು ಕೈಯಿಂದ ಹಿಂಡಿ ಸಣ್ಣ ಬಟ್ಟಲಲ್ಲಿ ಹಿಡಿದು ಚಮಚದಿಂದ ಹನಿ ಹನಿ. ಹಾಲು ಬತ್ತಿರಲಿಲ್ಲ ಉಮಾ. ತುಂಬಿ ಕಲ್ಲಾಗಿತ್ತು. ಅವಳಿಗೆ ಎಳೆಯಲು ಆಗುತ್ತಿರಲಿಲ್ಲ ಅಷ್ಟೇ.

ಮೂರನೇ ದಿನ ಸಿಸ್ಟರ್ ಬಂದರು, ದಪ್ಪ ಹೆಂಗಸು, ಬಾಯಿ ದೊಡ್ಡದು. ನಾನು ಅಭ್ಯಾಸಬಲದಿಂದ ಗೋಡೆ ಕಡೆ ತಿರುಗಿದೆ.

“ಎಲ್ಲಿಗೆ ಹೊಂಟಿ ತಂಗಿ? ಗ್ವಾಡಿಗೆ ಕುಡಸ್ತೀಯೇನು?”

ಅತ್ತೆ ನಡುವೆ ಬಂದರು. “ತಾಯಿ ನೋಡಬಾರದ್ರಿ ಸಿಸ್ಟರ.”

“ನೋಡದ ಹ್ಯಾಂಗ್ರಿ ಅಮ್ಮಾ? ನೀವು ರೊಟ್ಟಿ ಬಡೀವಾಗ ಮಾಳಗಿ ನೋಡಿ ಬಡೀತೀರೇನು?”

ಪಕ್ಕದ ಹಾಸಿಗೆಯವರು ನಕ್ಕರು. ಅತ್ತೆಯ ಮುಖ ಸಣ್ಣದಾಯಿತು, ಎದ್ದು ಹೊರಗೆ ಹೋದರು. ಸಿಸ್ಟರ್ ಶಾಲು ತೆಗೆದು ಮಂಚದ ಕೊನೆಗೆ ಎಸೆದರು. ನೀನು ಬರೆದದ್ದನ್ನೇ ಹೇಳಿದರು, ಹೊಟ್ಟೆಗೆ ಹೊಟ್ಟೆ, ಮೂಗಿನ ನೇರ, ಗದ್ದ ಮೊದಲು. ಐದು ಸಲ ತುದಿಯನ್ನೇ ಹಿಡಿದಳು. ಐದು ಸಲ ಬಿಡಿಸಿದೆ. ಆರನೇ ಸಲ ಆಕಳಿಸುವ ಹಾಗೆ ಬಾಯಿ ತೆಗೆದಳು, ನಾನು ಒತ್ತಿಕೊಂಡೆ. ನೋವು ಬರುತ್ತದೆ ಅಂತ ಕಣ್ಣು ಮುಚ್ಚಿದ್ದೆ. ಬರಲಿಲ್ಲ. ‘ಗುಟುಕ್’ ಅಂತು. ನಿಂತಿತು. ಮತ್ತೆ ‘ಗುಟುಕ್’.

ತಲೆ ಎತ್ತಿದರೆ ಬಾಗಿಲ ಸಂದಿಯಲ್ಲಿ ಅತ್ತೆ. ನೋಡುತ್ತಿದ್ದರು. ನನ್ನನ್ನಲ್ಲ, ಅವಳ ಬಾಯಿಯನ್ನು.

ಈಗ ಎರಡು ಕಿಲೋ ಆರುನೂರೈವತ್ತು. ಅಳುತ್ತಾಳೆ. ಓಣಿಗೆಲ್ಲ ಕೇಳುವ ಹಾಗೆ. ಆದರೂ ಅವಳು ಸ್ವಲ್ಪ ಹೆಚ್ಚು ಹೊತ್ತು ಮಲಗಿದರೆ ನಾನು ಮೂಗಿನ ಹತ್ತಿರ ಬೆರಳು ಹಿಡಿಯುತ್ತೇನೆ. ಈ ಹೆದರಿಕೆ ಯಾವಾಗ ಹೋಗುತ್ತದೆ?

ಈಗ ಕೊನೆಯದು. ಊರಿಗೆ ಬಂದ ಮೇಲೆ ಅತ್ತೆ ಕೇಳಿದರು, “ನವಾಜಗ ಫೋನ್ ಮಾಡಿದವರು ಯಾರು?” ನಾನು ನವಾಜನ ಮುಖ ನೋಡಿದೆ, “ಸಣ್ಣವ್ವ” ಅಂದೆ. ಅವನೂ ಹೂಂ ಅಂದ. ಅತ್ತೆ ಸಣ್ಣವ್ವನಿಗೆ ಒಂದು ಸೀರೆ ಕೊಟ್ಟರು. ಗಜೇಂದ್ರಗಡದ್ದೇ.

ನಿನ್ನ ಹೆಸರು ಹೇಳಲು ನನಗೆ ಬಾಯಿ ಬರಲಿಲ್ಲ ಉಮಾ. ಆವತ್ತು ನಿನ್ನ ಮನೆಗೆ ಬರಲು ಕಾಲು ಬರಲಿಲ್ಲ. ನನಗೆ ಆಗ ಎರಡನೇ ತಿಂಗಳು, ಕೂಸು ಕಳಕೊಂಡವಳ ಎದುರು ಬಸುರಿ ಹೋಗಬಾರದು ಅಂದರು, ನಾನೂ ಆ ಮಾತು ಕೇಳಿದೆ. ಎರಡೂ ಒಂದೇ ಹೆದರಿಕೆ, ಆ ನಾಚಿಕೆಗೇ ಫೋನೂ ಮಾಡಿಸಲಿಲ್ಲ.

ಕೌಸರ


ಗಜೇಂದ್ರಗಡ
22 ಡಿಸೆಂಬರ್ 2024

ಕೌಸರ,

ಹನ್ನೆರಡು ದಿನ ಹೇಗಿದ್ದೆ ಅಂದರೆ, ಜಂಗ್ಲಿಸಾಬ ಕಾಕಾ ಬರುವ ದಿನ ಕದ ಹಾಕಿಕೊಂಡು ಕೂತಿದ್ದೆ. ಅವನ ಮುಖ ನೋಡಿದರೆ ಗೊತ್ತಾಗಿಬಿಡುತ್ತದೆ ಅಂತ.

ಹೆಸರು ಹೇಳದಿದ್ದದ್ದು ಒಳ್ಳೆಯದೇ ಆಯಿತು. ಇನ್ನು ಮುಂದೆಯೂ ಹೇಳಬೇಡ. ಒಂದು ಮಾತು ಕೇಳು, ನಗಬೇಡ. ನನ್ನ ಕುಲಾಯಿ ನಿನ್ನ ಮನೆ ಸೇರಿದ್ದು ಇಪ್ಪತ್ತೇಳಕ್ಕೆ. ಆಮೇಲೆಯೇ ಅವಳು ಪೂರ್ತಿ ಹಾಲು ಬಿಟ್ಟಳು. ಹೌದಲ್ಲವಾ? ನನಗೆ ಗೊತ್ತು, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಗುಟುಕು, ತುಟಿ, ಗದ್ದ, ಎಲ್ಲ ನಿನಗೆ ಬರೆದವಳೇ ನಾನು. ಆದರೆ ಆ ಹನ್ನೆರಡು ದಿನ ಕೂತು ತಾರೀಖು ಜೋಡಿಸುತ್ತಿದ್ದೆ.

ಹೋದ ತಿಂಗಳು ನಮ್ಮ ಓಣಿಯಲ್ಲಿ ಹೆಸರಿಡುವುದಿತ್ತು. ಕರೆದಿದ್ದರು, ಕರೆಯದಿದ್ದರೆ ಚಂದ ಕಾಣುವುದಿಲ್ಲ ಅಂತ. ನಾನು ಒಳಗೆ ಕಾಲಿಟ್ಟ ಕೂಡಲೇ ಒಬ್ಬಾಕೆ ತೊಟ್ಟಿಲನ್ನು ಆಚೆ ತಿರುಗಿಸಿದಳು. ನಗುತ್ತಲೇ, ಮಾತಾಡುತ್ತಲೇ. “ಬಾರ ಉಮಾ, ಕೂಡು, ಚಹಾ ತಗೋ.” ನಾನೇನು ಮಾಡಿದೆ ಗೊತ್ತಾ? ಕಣ್ಣು ಕೆಳಗೆ ಹಾಕಿದೆ. ಅವರಿಗಿಂತ ಮೊದಲು ನನಗೇ ಹೆದರಿಕೆಯಾಗಿತ್ತು. ಮನೆಗೆ ಬಂದು ನನ್ನ ಗಂಡನಿಗೆ ಹೇಳಿದರೆ ಫಕೀರೇಶ ಸುಮ್ಮನೆ ನನ್ನ ಕೈ ಹಿಡಿದುಕೊಂಡು ಕೂತ. ಅವನೂ ‘ಹಾಗೇನಿಲ್ಲ’ ಅನ್ನಲಿಲ್ಲ.

ನಾಹೀದಳ ಫೋಟೋ ಕಳಿಸಬೇಡ. ಬಟ್ಟೆ ಎಣಿಸುತ್ತಿರು, ತೂಕ ಬಿಡಬೇಡ. ಸೀಳಿದ ಕಡೆ ನಿನ್ನ ಹಾಲನ್ನೇ ಸವರಿ ಗಾಳಿಗೆ ಒಣಗಿಸು.

ಚಿಲ್ಲಾ ಮುಗಿದ ಮೇಲೆ ಫೋನ್ ಮಾಡಬೇಡ. ನಾನು ಎತ್ತುವುದಿಲ್ಲ.

ಉಮಾ


ರೋಣ
6 ಫೆಬ್ರವರಿ 2025

ಉಮಾ,

ಹೇಳಿದ ಹಾಗೇ ಮಾಡಿದೆ ನೀನು. ಹದಿನೇಳು ಸಲ ಫೋನ್ ಹಚ್ಚಿದ್ದೇನೆ. ಮೆಸೇಜಿಗೆ ನೀಲಿ ಗೆರೆ ಬೀಳುತ್ತದೆ, ಉತ್ತರ ಇಲ್ಲ. ಕಾಕಾ ಬಾಗಿಲಲ್ಲಿ ನಿಂತಿದ್ದಾನೆ, ಇದು ಅವನ ಕೈಯಲ್ಲಿ ಬರುತ್ತದೆ. ಇದನ್ನು ಮಾತ್ರ ಓದದೆ ಇಡಬೇಡ.

ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆಯಲ್ಲಿ ಅಂಜುಮ ಅಂತ ಇದ್ದಾಳೆ, ಹತ್ತೊಂಬತ್ತು ವರ್ಷ, ಬಾಣಂತನಕ್ಕೆ ತವರಿಗೆ ಬಂದವಳು. ಗಂಡುಮಗು, ಇವತ್ತಿಗೆ ಒಂಬತ್ತು ದಿನ. ನಿನ್ನೆ ಅತ್ತೆ ಅಲ್ಲಿಗೆ ಹೋಗಿ ಬಂದರು. ಬಂದವರು ಚಪ್ಪಲಿ ಬಿಡದೆ ನಡುಮನೆಯಲ್ಲಿ ನಿಂತರು. “ಕೌಸರ, ಆ ಕೂಸಿನ ದನಿ ಕೇಳೀಯೇನು?” ಅಂದರು. ನಾನು ಕೇಳಿಲ್ಲ. ಒಂಬತ್ತು ದಿನ, ಒಂದೇ ಗೋಡೆ, ಕೇಳಿಲ್ಲ.

ಇಬ್ಬರೂ ಓಡಿದೆವು. ಶಾಲು, ಗೋಡೆ, ಎಲ್ಲ ಹಾಗೇ. ನಾನು ಎರಡು ಮಾತು ಆಡುವಷ್ಟರಲ್ಲಿ ಅವಳ ತಾಯಿ ಸೈರಾಬಾನು, “ನಿಂದು ಬದುಕೈತಲ್ಲವಾ, ಗುಂಡಗಲ್ಲಿನ್ಹಂಗ ಐತಿ. ನಮ್ಮದೂ ಆಗತೈತಿ ತಗೋ” ಅಂದಳು. ಅತ್ತೆ ಕೈ ಮುಗಿದರು ಉಮಾ. ಅವಳು ನಕ್ಕಳು. “ಹೋದ ವರ್ಷದ ತನಕ ನೀವ ನಮಗೆಲ್ಲಾ ಹೇಳತಿದ್ರಿ ರಮಜಾನಬಿ, ನೋಡಬ್ಯಾಡ್ರಿ ಅಂತ.” ಸಣ್ಣವ್ವನನ್ನು ಕರೆದೆ, ಅವಳನ್ನೂ ಒಳಗೆ ಬಿಡಲಿಲ್ಲ.

ಮನೆಗೆ ಬಂದು ಅತ್ತೆ ಕಟ್ಟೆಯ ಮೇಲೆ ಕೂತರು. ಅಲ್ಲೇ ನಾನು ಹೇಳಿಬಿಟ್ಟೆ. ಫೋನ್ ಮಾಡಿದವಳು ಸಣ್ಣವ್ವ ಅಲ್ಲ, ಉಮಾ. ಕಾಗದಗಳನ್ನೂ ಮುಂದಿಟ್ಟೆ. ಅವರಿಗೆ ಓದಲು ಬರುವುದಿಲ್ಲ, ನಾನೇ ಓದಿದೆ. ಮೂವತ್ತೊಂದನೇ ಉತ್ತರ ಬಂದಾಗ “ಸಾಕು” ಅಂದರು. ಆಮೇಲೆ, “ಆಕಿ ನಜರ ಹತ್ತತೈತಿ ಅಂತ ನಾನ ಫೋನ್ ಕಟ್ ಮಾಡಿದ್ದೆ” ಅಂದರು. “ನನಗ ಇನ್ನೂ ಅಂಜಿಕಿ ಐತಿ ಕೌಸರ. ಸುಳ್ಳ ಯಾಕ ಹೇಳ್ಲಿ. ಆದ್ರ ಸೈರಾಬಾನುಗ ಬದುಕಿಸಿಕೊಂಡವರ ಮಾತು ನಾಟೂದಿಲ್ಲ. ಆಕೀನ ಬಂದು ಹೇಳಬೇಕು. ಕರಸು.”

ಸಮಾಧಾನಕ್ಕೆ ಬರೆಯುತ್ತಿಲ್ಲ ಇದನ್ನು. ನಮ್ಮತ್ತೆ ಬದಲಾದರು ಅಂತಲೂ ಅಲ್ಲ. ನೀನು ಬಂದರೆ ಅವರು ನಾಹೀದಳನ್ನು ಎತ್ತಿಕೊಂಡು ಒಳಕೋಣೆಗೆ ಹೋದರೂ ಹೋಗಬಹುದು. ಓಣಿಯವರು ಕದ ಹಾಕಿಕೊಳ್ಳಬಹುದು. ನಾನು ಕೂಡ, ಖರೇ ಹೇಳಲಾ, ನೀನು ಅವಳನ್ನು ನೋಡಿದ ಮೇಲೆ ಎರಡು ದಿನ ಮೂಗಿನ ಹತ್ತಿರ ಬೆರಳು ಹಿಡಿದು ಕೂರಬಹುದು. ಅಷ್ಟೂ ಹೆದರಿಕೆ ನಮ್ಮೆಲ್ಲರೊಳಗಿದೆ. ಇದ್ದರೂ ಕರೆಯುತ್ತಿದ್ದೇನೆ. ನೀನು ಆ ಮನೆಯೊಳಗೆ ಹೋಗಿ ಸೈರಾಬಾನುವಿನ ಎದುರು ಕೂತು ‘ನನ್ನದೂ ಹಿಂಗ ಸುಮ್ಮನ ಇತ್ರಿ’ ಅಂತ ಒಂದು ಮಾತು ಹೇಳಬೇಕು. ಆಮೇಲೆ ಆ ಶಾಲು ಸರಿಸಿ, ಆ ಕೂಸಿನ ಬಾಯಿಯನ್ನು ಕಣ್ಣು ಪೂರ್ತಿ ತೆರೆದು ನೋಡಬೇಕು.

ಒಂಬತ್ತು ದಿನ ಆಗಿದೆ ಉಮಾ. ಹದಿನಾರಕ್ಕೆ ಎಷ್ಟು ಉಳಿದವು ಅಂತ ನಾನು ಬರೆಯುವುದಿಲ್ಲ, ನೀನೇ ಲೆಕ್ಕ ಹಾಕು. ಕಾಕಾ ಗಜೇಂದ್ರಗಡದಿಂದ ತಿರುಗಿ ಹೊರಡುವ ಬಸ್ಸಿನಲ್ಲಿ ನಿನಗೂ ಒಂದು ಸೀಟು ಹಿಡಿಯುತ್ತಾನೆ. ಹತ್ತುತ್ತೀಯೋ, ಇಲ್ಲಾ ತೊಟ್ಟಿಲು ತಿರುಗಿಸಿದವರ ಮಾತೇ ಖರೇ ಅಂತ ಒಪ್ಪಿಕೊಂಡು ಮನೆಯಲ್ಲೇ ಕೂರುತ್ತೀಯೋ?

ಕೌಸರ